ನಮ್ಮ ಕತೆಗಳಲ್ಲಿ ಪಾಳು ಗಣಿ

ಕಾಲೇಜಿನ ವಾರ್ಷಿಕ ಸಂಚಿಕೆಗೆ ವಿದ್ಯಾರ್ಥಿಗಳು ಬರೆದುಕೊಟ್ಟ ಕತೆಗಳನ್ನು ಓದಿ ಆರಿಸುವ ಕೆಲಸ ಕನ್ನಡ ಅಧ್ಯಾಪಕನಾದವನಿಗೆ ವರ್ಷಕ್ಕೊಮ್ಮೆ ತಪ್ಪದೆ ಬರುವಂಥದು. ಈ ಸಲ ಬಂದವುಗಳಲ್ಲಿ ಒಂದು ಶಹಾಬಾದಿನ ಕಡೆಯ ಹುಡುಗನದು. ಕಥಾನಾಯಕನಿಗೆ ಅಜ್ಜನ ಟ್ರಂಕಿನಲ್ಲಿ ಹಳೆಯದೊಂದು ನಕಾಶೆ ಸಿಕ್ಕುತ್ತದೆ. ಅವನು ರಾಜಸ್ಥಾನದ ಮರಳುಗಾಡನ್ನು ಒಂಟೆಯ ಮೇಲೆ ದಾಟಿ, ನರಮನುಷ್ಯರ ಸುಳಿವಿಲ್ಲದ ಕಡೆ ನೂರು ವರ್ಷದಿಂದ ಪಾಳುಬಿದ್ದ ಚಿನ್ನದ ಗಣಿಯನ್ನು ಹೊಗುತ್ತಾನೆ. ಒಳಗೆ ಬಾವಲಿಗಳು, ತುಕ್ಕು ಹಿಡಿದ ಹಳಿ, ಗೋಡೆಗೊರಗಿದ ಒಂದು ಅಸ್ಥಿಪಂಜರ. ಕೊನೆಗೆ ಬ್ಯಾಟರಿಯ ಬೆಳಕಿಗೆ ಥಳಥಳಿಸುವ ಬಂಡೆ. ಭಾಷೆ ಶುದ್ಧವಾಗಿದೆ, ಓಟವೂ ಇದೆ. ಆದರೂ ಅಂಚಿನಲ್ಲಿ ‘ಅಸ್ವಾಭಾವಿಕ’ ಎಂದು ಕೆಂಪು ಶಾಯಿಯಲ್ಲಿ ಗೀಚಿಟ್ಟು ಹುಡುಗನನ್ನು ಕರೆಸಿದೆ.

ಮರುಭೂಮಿಯನ್ನು ನೋಡಿದ್ದೀಯೇನು ಎಂದು ಕೇಳಿದೆ, ಇಲ್ಲವೆಂದ. ಪಾಳುಬಿದ್ದ ಗಣಿಯನ್ನಾದರೂ? ಹುಡುಗ ನಕ್ಕುಬಿಟ್ಟ. “ನಮ್ಮ ಮನೀ ಹಿಂದೇ ಅದ ಸರ್. ನಮ್ಮಪ್ಪ ಅಲ್ಲೇ ಫರಸಿ ತೆಗೀತಿದ್ದ. ಆದ್ರ ಅದರಾಗ ಬರ್ಯಾಕ ಏನದರೀ? ಕಲ್ಲು, ನೀರು, ಅಷ್ಟೇ.”

ಈ ಮಾತಿಗೆ ಆ ಹೊತ್ತಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಹುಡುಗನದೇನೂ ಅಪರಾಧವಲ್ಲ. ಗಣಿಯೆಂದರೆ ದೂರದ್ದು, ನಿರ್ಜನವಾದದ್ದು, ಒಳಗೆ ಚಿನ್ನವಿರತಕ್ಕದ್ದು ಎಂಬ ಕಲ್ಪನೆಯನ್ನು ಅವನು ಎಲ್ಲಿಂದಲೋ ಪಡೆದಿದ್ದಾನೆ. ಎಲ್ಲಿಂದ ಪಡೆದ, ಅದರಿಂದ ನಮ್ಮ ಕತೆಗಾರಿಕೆಗೆ ಏನು ನಷ್ಟವಾಗಿದೆ ಎಂಬುದು ವಿಚಾರಿಸತಕ್ಕ ಸಂಗತಿ.

೧೮೮೫ನೆಯ ಇಸವಿಯಲ್ಲಿ ಯುರೋಪಿನಲ್ಲಿ ಗಣಿಯನ್ನು ಕುರಿತ ಎರಡು ಕಾದಂಬರಿಗಳು ಹೊರಬಂದವು. ಒಂದು, ರೈಡರ್ ಹ್ಯಾಗರ್ಡನ ‘ಕಿಂಗ್ ಸಾಲೊಮನ್ಸ್ ಮೈನ್ಸ್’. ಇನ್ನೊಂದು, ಎಮಿಲಿ ಜೋಲಾನ ‘ಜರ್ಮಿನಾಲ್’. ಹ್ಯಾಗರ್ಡನ ಇಂಗ್ಲಿಷ್ ದೊರೆಗಳು ನಕಾಶೆ ಹಿಡಿದು, ಬಾಯಾರಿ ಸಾಯುವಷ್ಟರಲ್ಲಿ ಆಫ್ರಿಕದ ಮರಳುಗಾಡನ್ನು ದಾಟಿ, ಸತ್ತ ಅರಸರು ಕಲ್ಲಾಗಿ ಕುಳಿತಿರುವ ಗುಹೆಯನ್ನು ಹೊಕ್ಕು, ಜೇಬಿನ ತುಂಬ ವಜ್ರ ತುಂಬಿಕೊಂಡು ಊರಿಗೆ ಮರಳುತ್ತಾರೆ. ಆ ವಜ್ರಗಳನ್ನು ಅಗೆದವರು ಯಾರು, ಯಾವ ಕೂಲಿಗೆ ಅಗೆದರು ಎಂಬ ಪ್ರಶ್ನೆ ದೊರೆಗಳ ನಿದ್ದೆಯನ್ನು ಕೆಡಿಸುವುದಿಲ್ಲ. ಜೋಲಾನಾದರೋ ೧೮೮೪ರಲ್ಲಿ ಉತ್ತರ ಫ್ರಾನ್ಸಿನ ಆಂಜ಼ಾಂ ಎಂಬಲ್ಲಿ ಕಲ್ಲಿದ್ದಲು ಕೂಲಿಗಳ ಮುಷ್ಕರ ನಡೆದಿದ್ದಾಗ ಅಲ್ಲಿಗೆ ಹೋಗಿ, ತಾನೇ ಗಣಿಗಿಳಿದು ನೋಡಿ ಬರೆದ. ಅವನ ಗಣಿಯಲ್ಲಿ ಒಂದು ಕುದುರೆಯಿದೆ. ಮರಿಯಾಗಿದ್ದಾಗಲೇ ಇಳಿಸಿದ್ದು, ಮತ್ತೆ ಬಿಸಿಲು ಕಾಣದೆ ಒಳಗೇ ಮುದಿಯಾಗುತ್ತದೆ. ಅದೊಂದು ಕುದುರೆಯ ಮುಂದೆ ಹ್ಯಾಗರ್ಡನ ಕಲ್ಲಾದ ಅರಸರೆಲ್ಲ ಸಂತೆಯ ಗೊಂಬೆಗಳಂತೆ ಕಾಣುತ್ತಾರೆ.

ಗಣಿಯ ಕತೆಗೆ ಅಂದಿನಿಂದ ಈ ಎರಡು ದಾರಿಗಳು. ನಾವು ಬಹುಮಟ್ಟಿಗೆ ಹಿಡಿದದ್ದು ಮೊದಲನೆಯದನ್ನು. ಪತ್ತೇದಾರಿ ಮಾಲೆಗಳಿಂದ ಮಕ್ಕಳ ಪುಸ್ತಕಗಳವರೆಗೆ, ಅಲ್ಲಿಂದ ಸಿನಿಮಾದವರೆಗೆ ಅದೇ ನಕಾಶೆ ಕೈಯಿಂದ ಕೈಗೆ ಬಂದಿದೆ.

ಅದ್ಭುತವನ್ನು ಹಗುರಾಗಿ ಕಾಣುವವನು ನಾನಲ್ಲ. ವಿಸ್ಮಯವನ್ನು ಸ್ಥಾಯಿಯಾಗಿ ಉಳ್ಳ ರಸವೊಂದನ್ನು ನಮ್ಮ ಆಲಂಕಾರಿಕರು ಒಪ್ಪಿದ್ದಾರೆ; ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕೆಂದು ಅವರು ಎಲ್ಲಿಯೂ ಕಟ್ಟುಮಾಡಿಲ್ಲ. ಬಂಗಾಳಿಯ ವಿಭೂತಿಭೂಷಣ ಬಂದ್ಯೋಪಾಧ್ಯಾಯರು ಆಫ್ರಿಕಕ್ಕೆ ಕಾಲಿಟ್ಟವರಲ್ಲ. ಆದರೂ ೧೯೩೭ರಲ್ಲಿ ಪುಸ್ತಕವಾಗಿ ಬಂದ ಅವರ ‘ಚಾಂದೇರ್ ಪಹಾಡ್’ ಇಂದಿಗೂ ಸುಳ್ಳೆನಿಸುವುದಿಲ್ಲ. ಅವರ ಶಂಕರ ಮೊದಲು ಅಲ್ಲಿನ ರೈಲ್ವೆಯಲ್ಲಿ ಕೆಲಸಕ್ಕಿರುವ ಬಡ ಬಂಗಾಳಿ ಹುಡುಗ, ಸಾಹಸ ಆಮೇಲಿನದು. ಗುಹೆಯಲ್ಲಿ ದಾರಿ ತಪ್ಪಿದಾಗ ಅವನು ಗುರುತಿಗೆಂದು ಹರಳುಗಳನ್ನು ಆಯ್ದು ಇಡುತ್ತ ಹೋಗುತ್ತಾನೆ. ಅವು ವಜ್ರಗಳೆಂಬುದು ತಿಳಿಯುವುದು ಹೊರಬಂದ ಎಷ್ಟೋ ದಿನಗಳ ಮೇಲೆ. ನಿಧಿ ಕೈಯಲ್ಲಿದ್ದಾಗ ಅವನಿಗೆ ಬೇಕಾಗಿದ್ದದ್ದು ದಾರಿ. ಇಂಥದೊಂದು ಸನ್ನಿವೇಶ ಹೊಳೆಯುವುದಾದರೆ ಮರುಭೂಮಿಯನ್ನು ನೋಡದಿದ್ದರೇನೂ ಕೊರತೆಯಿಲ್ಲ. ಹುಡುಗನ ಕತೆಯ ಅಂಚಿನಲ್ಲಿ ನಾನು ಬರೆದ ‘ಅಸ್ವಾಭಾವಿಕ’ ಎಂಬ ಮಾತು, ಹೀಗೆ ನೋಡಿದರೆ, ಅಧ್ಯಾಪಕನ ಸೋಮಾರಿತನದ ಮಾತು. ಅವನು ದೂರಕ್ಕೆ ಹೋದದ್ದು ದೋಷವಲ್ಲ. ದೂರ ಹೋದಲ್ಲಿ ಯಾರನ್ನೂ ಕಾಣದೆ ಹೋದನಲ್ಲ, ದೋಷವಿರುವುದು ಅಲ್ಲಿ.

ಇಂಥ ಕತೆಗಳಿಗೆ ಮರುಭೂಮಿಯೇ ಏಕೆ ಬೇಕು? ಕ್ಷೇಮೇಂದ್ರನು ಔಚಿತ್ಯದ ಬಗೆಗಳನ್ನು ಎಣಿಸುವಾಗ ದೇಶೌಚಿತ್ಯವೆಂದು ಒಂದನ್ನು ಹೇಳಿದ್ದಾನೆ. ನಿಧಿಯ ಕತೆಗೆ ಮರಳುಗಾಡು ಉಚಿತವಾದ ದೇಶವಾಗುವುದಕ್ಕೆ ಕಾರಣ ಸರಳವಾಗಿದೆ: ಮರಳು ಹೆಜ್ಜೆಗುರುತನ್ನು ಉಳಿಸುವುದಿಲ್ಲ. ಅಗೆದವರು ಇಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಇಲ್ಲ, ಬಾಕಿ ಕೇಳುವವರೂ ಇಲ್ಲ. ಚಿನ್ನ ಮೊದಲು ಬಂದವನದು. ಉಳಿದದ್ದು ಒಂದೇ ಅಸ್ಥಿಪಂಜರ. ಅದೂ ಹೆದರಿಸುವುದಕ್ಕೆ ಇದೆಯೇ ಹೊರತು ತನ್ನ ಹೆಸರು ಹೇಳುವುದಕ್ಕಲ್ಲ. ನಮ್ಮ ಹಳ್ಳಿಗಳ ನಿಧಿಯ ಕತೆ ಇದಕ್ಕಿಂತ ಎಷ್ಟೋ ಪಾಲು ಪ್ರಾಮಾಣಿಕವಾದದ್ದು. ಅಲ್ಲಿ ಕೊಪ್ಪರಿಗೆಯ ಮೇಲೆ ಸರ್ಪ ಕೂತಿರುತ್ತದೆ; ತೆಗೆಯುವವನಿಂದ ಬಲಿ ಕೇಳುತ್ತದೆ. ಹೊನ್ನಿಗೆ ಒಡೆಯರುಂಟು, ಅದಕ್ಕೆ ಬೆಲೆ ತೆರಬೇಕು ಎಂಬ ತಿಳಿವಳಿಕೆ ಆ ಸರ್ಪದ ಹೆಡೆಯಲ್ಲಿದೆ. (ಈ ನಂಬಿಕೆಯನ್ನೇ ಹಿಡಿದು ಗುಡಿಗಳ ಗರ್ಭಗೃಹವನ್ನು ಅಗೆಯುವವರ ವಿಷಯ ಬೇರೆ, ಅವರಿಗೆ ಕತೆಯೂ ತಿಳಿಯದು, ಗುಡಿಯೂ ತಿಳಿಯದು.)

ಕನ್ನಡ ಕಲ್ಪನೆಯಲ್ಲಿ ಗಣಿಗೆ ಇಂದು ಮೂರ್ತರೂಪ ಕೊಟ್ಟಿರುವುದು ಪುಸ್ತಕವಲ್ಲ, ಚಲನಚಿತ್ರ. ಪ್ರಶಾಂತ್ ನೀಲ್ ನಿರ್ದೇಶನದ ‘ಕೆ.ಜಿ.ಎಫ್.’ನ ಮೊದಲ ಭಾಗ ೨೦೧೮ರ ಡಿಸೆಂಬರಿನಲ್ಲೂ ಎರಡನೆಯದು ೨೦೨೨ರ ಏಪ್ರಿಲಿನಲ್ಲೂ ತೆರೆಕಂಡವು. ಕನ್ನಡ ಚಿತ್ರವೊಂದನ್ನು ಇಡೀ ದೇಶ ನೋಡಿತೆಂಬ ಹೆಮ್ಮೆ ನಮ್ಮೆಲ್ಲರಿಗೂ ಇದೆ. ಅದರ ಬಿರುಸನ್ನು ನಾನೂ ಸವಿದಿದ್ದೇನೆ. ಚಿತ್ರದ ಕಾಲಗಣನೆಯಲ್ಲಿ ಅಲ್ಲಿ ಚಿನ್ನ ಪತ್ತೆಯಾಗುವುದು ೧೯೫೧ರಲ್ಲಿ. ಗಣಿಯ ಹೆಸರು ನರಾಚಿ. ಸುತ್ತ ಮಸಿ ಹಿಡಿದ ಬೆಂಗಾಡು, ಎತ್ತರದ ಗೋಡೆ, ಒಳಗೆ ಸಾವಿರಾರು ಗುಲಾಮರು. ಇದು ಚರಿತ್ರೆಯಲ್ಲ ಎಂದು ಆಕ್ಷೇಪಿಸುವುದು ಸುಲಭ, ವ್ಯರ್ಥವೂ ಹೌದು. ಚಿತ್ರ ತಾನು ಚರಿತ್ರೆಯೆಂದು ಹೇಳಿಕೊಂಡಿಲ್ಲ. ನನ್ನ ಆಕ್ಷೇಪ ಕಾವ್ಯದ ದೃಷ್ಟಿಯದು. ಆ ಗುಲಾಮರ ಸಮೂಹಕ್ಕೆ ನಾಯಕನ ಹೆಸರನ್ನು ಕೂಗುವ ಕಂಠವಿದೆ. ತಮ್ಮದೆಂಬ ಮಾತು ತೀರ ಕಡಮೆ. ಹ್ಯಾಗರ್ಡನ ಮರಳುಗಾಡು ಮಾಡಿದ ಕೆಲಸವನ್ನೇ ಇಲ್ಲಿ ಮಸಿ ಮಾಡಿದೆ: ಅದು ಮುಖಗಳನ್ನು ಅಳಿಸಿದೆ.

ನಿಜವಾದ ಕೋಲಾರದ ಗಣಿಯಲ್ಲಿ ಕತೆಗಾರನಿಗೆ ದೊರೆಯುವ ಸಾಮಗ್ರಿ ಎಂಥದೆಂದು ನೋಡಿ. ಜಾನ್ ಟೇಲರ್ ಕಂಪನಿ ಅಲ್ಲಿ ಬೇರುಬಿಟ್ಟದ್ದು ೧೮೮೦ರಲ್ಲಿ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ತೊಂಬತ್ತು ಮೈಲಿಗೂ ಮಿಕ್ಕ ದಾರಿಯನ್ನು ತಂತಿಯಲ್ಲಿ ಸಾಗಿ ಅಲ್ಲಿಗೆ ತಲುಪಿತು. ನಮ್ಮ ಎಷ್ಟೋ ಊರುಗಳು ಬುಡ್ಡಿದೀಪದಲ್ಲಿದ್ದಾಗ ಗಣಿಯ ಯಂತ್ರ ಮಿಂಚಿನಿಂದ ತಿರುಗುತ್ತಿತ್ತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕಿಳಿಯಿತು. ಆ ಆಳದಲ್ಲಿ ಬಂಡೆ ಒಮ್ಮೊಮ್ಮೆ ತಾನೇ ಸಿಡಿಯುತ್ತದೆ. ಸಿಡಿದಾಗ ಮೇಲೆ ಊರಿನ ಮನೆಗಳು ಅದುರುತ್ತಿದ್ದವು, ಒಲೆಯ ಮುಂದಿದ್ದ ಹೆಂಗಸರು ಎದ್ದು ಗಣಿಯ ಬಾಯಿಗೆ ಓಡುತ್ತಿದ್ದರು. ಕೆಲಸಗಾರರಲ್ಲಿ ಬಹುಪಾಲು ಉತ್ತರ ಆರ್ಕಾಟಿನಿಂದ ಬಂದ ದಲಿತರು. ಅಯೋತಿ ದಾಸರ ಬೌದ್ಧ ಚಳವಳಿ ಕಳೆದ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ಬೇರೂರಿತ್ತು. ಗಣಿಯಿಂದ ಮೇಲೆ ಬಂದು ಮೈತೊಳೆದು ಧರ್ಮದ ಪುಸ್ತಕ ಓದಲು ಕೂರುವ ಕೂಲಿಯನ್ನು ಯಾವ ನಿಧಿಯ ಕತೆ ಊಹಿಸಬಲ್ಲದು? ೧೯೩೦ರಲ್ಲಿ ಕಂಪನಿಯವರು ಎಲ್ಲರ ಬೆರಳಚ್ಚು ತೆಗೆದುಕೊಳ್ಳಹೊರಟಾಗ ಸಾವಿರಾರು ಜನ ಕೆಲಸ ಬಿಟ್ಟು ಕುಳಿತರು. ನಾವು ಕಳ್ಳರಲ್ಲ ಎಂಬುದಕ್ಕಾಗಿ ನಡೆದ ಈ ಮುಷ್ಕರದ ಕತೆಯನ್ನು ಜಾನಕಿ ನಾಯರ್ ಅವರು ೧೯೯೮ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿವರವಾಗಿ ಬರೆದಿದ್ದಾರೆ. ಇನ್ನೂ ಒಂದು ವಿಚಿತ್ರ: ಅದೇ ಗಣಿಯ ಏಳೂವರೆ ಸಾವಿರ ಅಡಿಗೂ ಕೆಳಗೆ, ೧೯೬೫ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ವಿಜ್ಞಾನಿಗಳು ಹಿಡಿದರು. ಆಕಾಶದ ಗುಟ್ಟು ತಿಳಿಯಲು ಪಾತಾಳಕ್ಕೆ ಇಳಿಯಬೇಕಾಯಿತು. ಅದ್ಭುತ ರಸ ಬೇಕೆಂದರೆ ಇದಕ್ಕಿಂತ ಬೇರೆ ವಿಭಾವ ಬೇಕೆ?

೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು, ಮೂರು ಕೋಟಿ ಟನ್ನಿಗೂ ಮೇಲ್ಪಟ್ಟದ್ದು, ಊರ ನಡುವೆ ಬೆಳ್ಳಗಿನ ದಿಬ್ಬಗಳಾಗಿ ಬಿದ್ದಿದೆ. ಸಯನೈಡ್ ದಿಬ್ಬಗಳೆಂದು ಜನ ಕರೆಯುತ್ತಾರೆ. ಬೇಸಗೆಯ ಗಾಳಿಗೆ ಆ ದೂಳು ಎದ್ದು ಅಡುಗೆಮನೆಯವರೆಗೆ ಬರುತ್ತದೆ. ದೂರದಿಂದ ಕಂಡವರಿಗೆ ಅದು ಅಪ್ಪಟ ಮರುಭೂಮಿ. ಚಿತ್ರತಂಡದವರು ತಮ್ಮ ನರಾಚಿಯನ್ನು ಕಟ್ಟಿದ್ದೂ ಆ ದಿಬ್ಬಗಳ ಮೇಲೆಯೇ. ನನ್ನ ಮನಸ್ಸಿನಲ್ಲಿ ನಿಂತದ್ದು ಈ ಸಂಗತಿ. ಕತೆಗಾರರು ಗಣಿಯನ್ನು ಮರುಭೂಮಿಯಲ್ಲಿ ಇಡುತ್ತಾರೆ. ಕೋಲಾರದಲ್ಲಿ ಗಣಿಯೇ ಮರುಭೂಮಿಯನ್ನು ಮಾಡಿಟ್ಟು ಹೋಗಿದೆ. ಆದರೆ ಆ ಮರುಭೂಮಿ ನಿರ್ಜನವಾಗಿಲ್ಲ: ಅದರ ಬುಡದಲ್ಲಿ ಗಣಿಯವರ ಮಕ್ಕಳು ಮೊಮ್ಮಕ್ಕಳು ವಾಸವಾಗಿದ್ದಾರೆ, ಬೆಳಗ್ಗೆ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ.

ತಮಿಳಿನಲ್ಲಿ ಪಾ. ರಂಜಿತ್ ೨೦೨೪ರಲ್ಲಿ ‘ತಂಗಲಾನ್’ ಎಂಬ ಚಿತ್ರ ಮಾಡಿದರು. ಅದರಲ್ಲೂ ನಿಧಿಯಿದೆ, ಕಾಯುವ ಮಾಯಾವಿನಿಯಿದ್ದಾಳೆ. ಆದರೆ ಬಿಳಿಯ ದೊರೆಯ ಬೆನ್ನಿಗೆ ಹೊರಟ ಆರ್ಕಾಟಿನ ಜೀತದಾಳಿನ ಕಣ್ಣಿನಿಂದ ಎಲ್ಲವನ್ನೂ ಕಾಣಿಸಲಾಗಿದೆ. ಚಿತ್ರದ ಉತ್ತರಾರ್ಧ ಗೋಜಲಾಯಿತೆಂದು ನನಗನಿಸಿತು. ಹಿಡಿದ ದಾರಿ ಮಾತ್ರ ಸರಿಯಾದದ್ದು. ಕೋಲಾರದ ಗಣಿಯವರು ತಮಿಳರು, ತೆಲುಗರು. ಆದಕಾರಣ ಕನ್ನಡ ಸಾಹಿತ್ಯಕ್ಕೆ ಅವರು ದೂರವಾದರು ಎಂಬ ಸಮಾಧಾನವನ್ನು ಕೆಲವರು ಹೇಳುವುದುಂಟು. ಹಾಗಾದರೆ ಹಟ್ಟಿ? ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಆ ಗಣಿ ಇಂದಿಗೂ ನಡೆಯುತ್ತಿದೆ. ಅಲ್ಲಿನ ಮಾತು ಕನ್ನಡ.

ಹಟ್ಟಿಯಲ್ಲಿ ಹೊಸ ಗಣಿಯವರು ಇಳಿಯುತ್ತ ಹೋದಾಗ ಆರುನೂರು ಅಡಿಗೂ ಕೆಳಗೆ ಪ್ರಾಚೀನರು ಕೊರೆದ ಸುರಂಗಗಳು ಎದುರಾದವು. ಒಳಗಿದ್ದ ಮರದ ತೊಲೆಗಳ ವಯಸ್ಸನ್ನು ಲೆಕ್ಕ ಹಾಕಿದಾಗ ಸುಮಾರು ಎರಡು ಸಾವಿರ ವರ್ಷವೆಂದು ತಿಳಿಯಿತು. ಸಿಡಿಮದ್ದು ಇಲ್ಲದ ಕಾಲ. ಬಂಡೆಗೆ ಬೆಂಕಿ ಒಟ್ಟಿ, ಕಾದ ಮೇಲೆ ನೀರು ಹೊಯ್ದು, ಬಿರಿದ ಕಲ್ಲನ್ನು ಒಡೆಯುತ್ತಿದ್ದರು. ಆ ಹೊಗೆಯಲ್ಲಿ, ಆ ಬಿಸಿಯಲ್ಲಿ, ಇಷ್ಟು ಆಳದಲ್ಲಿ! ಮೇಲೆ ಬಂಡೆಗಳ ಮೈಯಲ್ಲಿ ಅದಿರನ್ನು ಅರೆದ ಒರಳುಗುಳಿಗಳು ಇಂದಿಗೂ ಕಾಣಸಿಗುತ್ತವೆ. ಅರೆದವರ ಹೆಸರು ಮಾತ್ರ ಒಂದೂ ಉಳಿದಿಲ್ಲ.

ಅದೇ ಸೀಮೆಯಲ್ಲಿ ಇನ್ನೊಂದು ಹೆಸರು ಉಳಿಯಿತು. ೧೯೧೫ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನದ ಜಾಡು ಹಿಡಿದು ಮಸ್ಕಿಯ ಗುಡ್ಡದಲ್ಲಿ ತಿರುಗುತ್ತಿದ್ದಾಗ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡ. ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇದ್ದ ಶಾಸನಗಳು ಅದುವರೆಗೆ ದೊರೆತಿದ್ದವು. ಅಶೋಕನೆಂಬ ಹೆಸರನ್ನು ಬಿಡಿಸಿ ಹೇಳಿದ ಶಾಸನ ಮೊದಲು ಸಿಕ್ಕಿದ್ದು ಅಲ್ಲಿ. ಹಾಳುಗಣಿಯ ನಾಡಿನಲ್ಲಿ ಚಿನ್ನ ಅರಸುತ್ತಿದ್ದವನಿಗೆ ಒಬ್ಬ ಮನುಷ್ಯನ ಹೆಸರು ದೊರೆತ ಈ ವೃತ್ತಾಂತವನ್ನು ಯಾರಾದರೂ ಕಲ್ಪಿಸಿ ಬರೆದಿದ್ದರೆ, ತೀರ ಹೊಂದಿಸಿದಂತಿದೆಯೆಂದು ನಾವು ವಿಮರ್ಶಕರು ಮೂಗು ಮುರಿಯುತ್ತಿದ್ದೆವು. ಹಟ್ಟಿಗೆ ಹತ್ತಿರದಲ್ಲೇ ಗುರುಗುಂಟೆಯ ಅಮರೇಶ್ವರವಿದೆ. ಆಯ್ದಕ್ಕಿ ಲಕ್ಕಮ್ಮ ಮಾರಯ್ಯರ ಊರೆಂದು ಪ್ರತೀತಿ. ಗಂಡ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗಿಷ್ಟು ಬೇಡ, ಹಿಂದಕ್ಕೆ ಹೋಗಿ ಸುರಿದು ಬಾ ಎಂದು ಕಳಿಸಿದವಳು ಆಕೆ. ನೆಲದಡಿ ಚಿನ್ನದ ಎಳೆ ಹರಿದಿರುವ ಸೀಮೆಯಲ್ಲಿ ಈ ಹೆಂಗಸು ಬಾಳಿದಳು! ಹಟ್ಟಿಯನ್ನು ಕುರಿತು ಕಾದಂಬರಿ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪಾತ್ರವನ್ನು ಬ್ರಹ್ಮನೂ ಕೊಡಲಾರ.

ಇನ್ನು ನಮ್ಮ ಹುಡುಗನ ಮನೆಯ ಹಿಂದಿನ ಖಣಿ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆಗೆ ರೈಲಿನಲ್ಲಿ ಬಂದವರು ಕಿಟಕಿಯಿಂದ ಆ ಗುಂಡಿಗಳನ್ನು ನೋಡಿರುತ್ತಾರೆ: ಮೆಟ್ಟಿಲುಮೆಟ್ಟಿಲಾಗಿ ಕತ್ತರಿಸಿದ ಗೋಡೆ, ತಳದಲ್ಲಿ ಹಸಿರು ನೀರು, ದಂಡೆಯ ಮೇಲೆ ಒಡಕು ಕಲ್ಲಿನ ಗುಡ್ಡೆ. ಅತ್ತ ಚಿಂಚೋಳಿಯ ಕಾಡಿನವರೆಗೂ ಸೀಮೆ ಒಂದೇ, ಬಿಸಿಲೂ ಒಂದೇ. ಈ ಕಲ್ಲು ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಪದರಪದರವಾಗಿ ಕೂತ ಕೆಸರು. ಆ ಪದರಗಳ ಗುಣದಿಂದಲೇ ಉಳಿ ಹಾರೆಗಳಿಗೆ ಅದು ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಈ ಲೇಖನವನ್ನು ಓದುತ್ತಿರುವವರಲ್ಲಿ ಹಲವರ ಕಾಲ ಕೆಳಗೆ, ಹಳೆಯ ಮನೆಯಾದರೆ, ಅದೇ ಶಹಾಬಾದಿ ಹಾಸುಗಲ್ಲು ಇದ್ದೀತು. ಮರಳುಗಾಡಿನ ಗಣಿಯಿಂದ ಯಾರ ಮನೆಗೂ ಏನೂ ಬಂದಿಲ್ಲ. ಈ ಖಣಿಯಿಂದ ಮನೆಮನೆಗೆ ನೆಲ ಬಂದಿದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ೧೯೯೪ರಿಂದ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೊಂದು ಹೊರಬಂತು. ಅದರ ಒಂದು ಶಿಲ್ಪದಲ್ಲಿ ಅರಸ, ಅವನ ಪರಿವಾರ. ಮೇಲೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕೊ’ ಎಂಬ ಬರಹ. ಮಸ್ಕಿಯಲ್ಲಿ ಹೆಸರು ಸಿಕ್ಕ ದೊರೆಗೆ ಇಲ್ಲಿ ರೂಪ ಸಿಕ್ಕಿತು. ಕೆತ್ತಿದ್ದು ಈ ಸೀಮೆಯ ಸುಣ್ಣಕಲ್ಲಿನಲ್ಲೇ. ಸೇಡಂ ತಾಲ್ಲೂಕಿನ ಮಳಖೇಡವೂ ಇದೇ ಕಲ್ಲಿನ ಮೇಲೆ ನಿಂತಿತು. ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದು, ಕವಿಯಾಗುವವನು ಯಾವ ದಾರಿ ಹಿಡಿಯಬೇಕೆಂದು ಕನ್ನಡಿಗರಿಗೆ ತಿಳಿಸಿದ್ದು ಕಾಗಿಣಾ ನದಿಯ ದಂಡೆಯ ಈ ಊರಿನಲ್ಲಿ. ಆ ಕೋಟೆಗೆ ಕಲ್ಲು ತೆಗೆದ ಖಣಿ ಯಾವುದು, ಹೊತ್ತವರು ಯಾರು ಎಂಬುದನ್ನು ಮಾರ್ಗಕಾರ ಹೇಳಬೇಕಾಗಿರಲಿಲ್ಲ. ಅವನ ಗ್ರಂಥದ ಉದ್ದೇಶವೇ ಬೇರೆ. ಸಾವಿರ ವರ್ಷಗಳ ಮೇಲೂ ನಾವು ಅದನ್ನು ಹೇಳದಿರುವುದಕ್ಕೆ ಆ ನೆಪ ಇಲ್ಲ.

ಹುಡುಗನ ಕತೆಗೆ ಬಹುಮಾನ ಕೊಡಲಿಲ್ಲ. ಕೆಂಪು ಶಾಯಿಯ ಮಾತನ್ನು ಹೊಡೆದುಹಾಕಿ, ಆ ಅಸ್ಥಿಪಂಜರ ಯಾರದು, ಅವನ ಊರು ಯಾವುದು, ಅವನಿಗೆ ಕೂಲಿ ಎಷ್ಟು ಬಾಕಿಯಿತ್ತು ಎಂದು ಮೂರು ಪ್ರಶ್ನೆ ಬರೆದು ಹಿಂತಿರುಗಿಸಿದೆ. ಮೊನ್ನೆ ಎರಡು ಹಾಳೆ ತಂದುಕೊಟ್ಟ. ಮರುಭೂಮಿ ಇನ್ನೂ ಇದೆ, ಒಂಟೆಯೂ ಇದೆ. ಆದರೆ ಗಣಿಯೊಳಗಿನವನ ಬಲಗೈಯ ಎರಡು ಬೆರಳು ಮೊಂಡಾಗಿವೆ. ಏಕೆಂದು ಕೇಳಿದೆ. “ಸುತ್ತಿಗಿ ಏಟು ತಪ್ಪಿದ್ರ ಹಂಗೇ ಆಗ್ತದ ಸರ್, ನಮ್ಮಪ್ಪಂದೂ ಹಂಗೇ ಅದ” ಎಂದ.